ಉಸ್ತಾ ಮಿತ್ವಲ್ಲಿಯ ಕಿವಿ ಮತ್ತು ಮೀಸೆ

ಗಡಿಯಾರ ರಿಪೇರಿಯ ಉಸ್ತಾ ಮಿತ್ವಲ್ಲಿಗೆ ಗಡಿಯಾರಗಳ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅಲೆಕ್ಸಾಂಡ್ರಿಯಾದ ಅತ್ತಾರೀನ್ ಬೀದಿಯ ಒಳಸಂದಿಯಲ್ಲಿ, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಮಾತಾಡಬೇಕಾದಷ್ಟು ಚಿಕ್ಕ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂವತ್ತೈದು ವರ್ಷ ಅವುಗಳ ಹೊಟ್ಟೆ ಬಗೆದು ನೋಡಿದವನಿಗೆ ನಂಬಿಕೆ ಹೇಗೆ ತಾನೇ ಉಳಿದೀತು? ಗೋಡೆಯ ಮೇಲೆ ನಲವತ್ತು ಗಡಿಯಾರ, ನಲವತ್ತು ಥರದ ಹೊತ್ತು. ಗಿರಾಕಿ ಯಾರಾದರೂ "ಈಗ ಸರಿಯಾಗಿ ಎಷ್ಟು ಗಂಟೆ ಉಸ್ತಾ?" ಎಂದು ಕೇಳಿದರೆ ಅವನು ಹೊರಗೆ ತಲೆ ಹಾಕಿ ಎದುರಿನ ಹುರಿಗಡಲೆ ಅಂಗಡಿಯವನನ್ನು ಕೇಳಿ ಹೇಳುತ್ತಿದ್ದ.

ಅವನು ನಂಬಿದ್ದು ಸಿತ್ ವದೀದಾಳನ್ನು. ಆ ಮಹಾತಾಯಿ ಸತ್ತು ಮೂವತ್ತು ವರ್ಷವಾಗಿತ್ತು. ಆದರೆ ಮನ್ಸೂರಾ ಊರಿನ ಒಂದು ಕಛೇರಿಯಲ್ಲಿ ಅವಳು ಹಾಡಿದ 'ಬಾಗಿಲು ಹಾಕಿಲ್ಲ' ಎಂಬ ಹಾಡನ್ನು ಮಿತ್ವಲ್ಲಿಯ ಅಪ್ಪ ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ. ಒಂದೇ ಹಾಡು, ಎಪ್ಪತ್ತು ನಿಮಿಷ. ಆವತ್ತು ಜನ ಏಳು ಸಲ ವನ್ಸ್‌ಮೋರ್ ಕೂಗಿದ್ದರು, ಅವಳು ಏಳೂ ಸಲ ಅದೇ ಸಾಲಿಗೆ ಮರಳಿದ್ದಳು. ಶುರುವಿನಲ್ಲಿ ಪಿಟೀಲಿನವರು ಶ್ರುತಿ ಸೇರಿಸುವಾಗ ಮುಂದಿನ ಸಾಲಿನಲ್ಲಿ ಯಾರೋ ಎರಡು ಸಲ ಕೆಮ್ಮುತ್ತಾನೆ. ಆ ಕೆಮ್ಮು ಮಿತ್ವಲ್ಲಿಗೆ ತನ್ನ ತಮ್ಮನ ದನಿಗಿಂತ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಮೊಟ್ಟೆ ಬೇಯಿಸಲು ಇಟ್ಟರೂ ಅವನ ಲೆಕ್ಕ ಹಾಡಿನದೇ. ಕೆಮ್ಮಿನಿಂದ ಮೊದಲನೇ ಚಪ್ಪಾಳೆಯವರೆಗೆ ಇಟ್ಟರೆ ಹಳದಿ ಗಟ್ಟಿಯಾಗುತ್ತದೆ, ಅದಕ್ಕೆ ಮುಂಚೆ ಇಳಿಸಿದರೆ ಮೆತ್ತಗಿರುತ್ತದೆ.

ಓಟ ಅವನಿಗೆ ಗಂಟುಬಿದ್ದದ್ದು ಸಕ್ಕರೆ ಕಾಯಿಲೆಯಿಂದ. ಡಾಕ್ಟರು "ನಡೀತೀಯೋ, ಕಾಲು ಕತ್ತರಿಸಿಕೊಳ್ತೀಯೋ?" ಎಂದು ಕೇಳಿದ ಮೇಲೆ ಐವತ್ತಮೂರನೇ ವಯಸ್ಸಿನಲ್ಲಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಸಮುದ್ರದಂಚಿನ ರಸ್ತೆಗೆ ಇಳಿದ. ಮೊದಲ ದಿನ ನೂರು ಹೆಜ್ಜೆ ಓಡಿದ್ದಷ್ಟೆ, ತನ್ನದೇ ಏದುಸಿರು ಕಿವಿಗೆ ಬಿದ್ದು ಗಾಬರಿಯಾಯಿತು. ಯಾರೋ ಮುದುಕ ಹಿಂದೆ ಬಿದ್ದು ಸಾಯುತ್ತಿದ್ದಾನೆಂದು ತಿರುಗಿ ನೋಡಿದ, ಯಾರೂ ಇರಲಿಲ್ಲ. ಮರುದಿನವೇ ಹೋಗಿ ಹೆಡ್‌ಫೋನ್ ತಂದ. ಅದೂ ಎಂಥದ್ದು ಅಂತೀರಿ? ಸಣ್ಣ ತಟ್ಟೆಯಷ್ಟು ಅಗಲದ, ಕಪ್ಪನೆಯ, ಕಿವಿಯ ಜೊತೆಗೆ ಅರ್ಧ ಕೆನ್ನೆಯನ್ನೂ ಮುಚ್ಚುವಂಥದ್ದು. ಅವನ ಮೀಸೆಯ ಎರಡೂ ತುದಿಗಳು ಅದಕ್ಕೆ ತಾಗುತ್ತಿದ್ದವು. ಅಂದಿನಿಂದ ಏದುಸಿರು ಕೇಳಿಸಲಿಲ್ಲ, ಸಿತ್ ವದೀದಾ ಮಾತ್ರ ಕೇಳಿಸಿದಳು. ಆರು ತಿಂಗಳಲ್ಲಿ ಸಕ್ಕರೆ ಇಳಿಯಿತು, ಹೊಟ್ಟೆ ಇಳಿಯಿತು, ಇಳಿಯದೆ ಉಳಿದದ್ದು ಹೆಡ್‌ಫೋನ್ ಒಂದೇ.

ಓಡುವಾಗ ಹಾಕಿಕೊಂಡದ್ದನ್ನು ಅಂಗಡಿಯಲ್ಲೂ ಹಾಕಿಕೊಂಡ, ಅಂಗಡಿಯಲ್ಲಿ ಹಾಕಿಕೊಂಡದ್ದನ್ನು ಮನೆಯಲ್ಲೂ ತೆಗೆಯಲಿಲ್ಲ. ಅವನ ಹೆಂಡತಿ ಇನ್ಶಿರಾಹ್ ಬಾಯಿ ಇರುವ ಹೆಂಗಸು. ಬೀದಿಯ ಆ ತುದಿಯ ತರಕಾರಿಯವನನ್ನು ಮೂರನೇ ಮಹಡಿಯ ಬಾಲ್ಕನಿಯಿಂದಲೇ ಅದುರಿಸುತ್ತಿದ್ದವಳು. ಅಂಥವಳು ಮೂರು ವರ್ಷದಿಂದ ಆ ಎರಡು ಕಪ್ಪು ತಟ್ಟೆಗಳ ಜೊತೆ ಸಂಸಾರ ಮಾಡುತ್ತಿದ್ದಳು.

"ರೀಹಾಮ್ ಅಪ್ಪಾ, ಇನ್ನೊಂದ್ ಸ್ವಲ್ಪ ಸೊಪ್ಪಿನ ಸಾರು ಹಾಕ್ಲಾ?"

"ಹೂಂ, ನಾಳೆ ಬೆಳಿಗ್ಗೆ ಹೋಗೋಣ."

"ನಿನ್ನ ತಲೆ! ಅನ್ನ ಆರಿ ಹೋಗ್ತಿದೆ ಕಣಯ್ಯಾ."

"ಅವನಿಗೂ ಹೇಳ್ದೆ ಅಂತ ಹೇಳು."

ಇನ್ಶಿರಾಹ್ ಸಾರಿನ ಸೌಟನ್ನು ಪಾತ್ರೆಗೆ ಬಡಿದು ಎದ್ದು ಹೋಗುತ್ತಿದ್ದಳು. ಅವನು ಆ ಸದ್ದನ್ನು ತಾಳದವರ ಕೆಲಸ ಎಂದುಕೊಂಡು ತಲೆದೂಗುತ್ತಿದ್ದ.

ಇನ್ನು ಮೀಸೆಯ ವಿಷಯ. ಮದುವೆಗೆ ಮುಂಚೆ ಬಿಟ್ಟ ಮೀಸೆ ಅದು, ಇವತ್ತಿಗೂ ದಟ್ಟವಾಗಿ, ತುದಿ ಮೇಲಕ್ಕೆ ತಿರುಗಿ, ಎಣ್ಣೆ ಕುಡಿದು ಮಿಂಚುತ್ತಿತ್ತು. ಮಗಳು ರೀಹಾಮ್‌ಗೆ ರಶೀದ್ ಊರಿನ ಸಂಬಂಧ ಕುದುರಿದ್ದೇ ಅದರಿಂದ. ಗಂಡಿನ ದೊಡ್ಡಪ್ಪ ಹಾಜ್ ಗಾದುಲ್ಲಾ ಮೊದಲ ಸಲ ಮನೆಗೆ ಬಂದಾಗ ಹುಡುಗಿಯನ್ನು ಸರಿಯಾಗಿ ನೋಡಲೂ ಇಲ್ಲ. ಮಿತ್ವಲ್ಲಿಯ ಮೀಸೆಯನ್ನು ನೋಡಿ "ಈ ಕಾಲದಲ್ಲೂ ಗಂಡಸರು ಇದಾರೆ! ಬರೀರಿ ಸಂಬಂಧ!" ಎಂದು ಶರಬತ್ತು ಎತ್ತಿದ್ದ. ನಿಶ್ಚಿತಾರ್ಥ ಗುರುವಾರಕ್ಕೆ ಗೊತ್ತಾಗಿತ್ತು. ಅದಕ್ಕೆ ಆರು ದಿನ ಮುಂಚೆ, ಶುಕ್ರವಾರ ಬೆಳಿಗ್ಗೆ, ಊರಿನ ದೊಡ್ಡ ಓಟ. ಮಅಮೂರಾ ತೋಟದಿಂದ ಖೈತ್‌ಬಾಯ್ ಕೋಟೆಯವರೆಗೆ, ಸಮುದ್ರದಂಚಿನುದ್ದಕ್ಕೂ ಇಪ್ಪತ್ತೊಂದು ಕಿಲೋಮೀಟರು.

ಅವನು ತೆಪ್ಪಗೆ ಓಡಿ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಾಫಿ ಅಂಗಡಿ ಅಂತ ಒಂದಿದೆಯಲ್ಲ! ಅಲ್ಲಿ ಮೀನು ಹುರಿಯುವ ಮುಅಲ್ಲಿಮ್ ಬಸ್ಯೂನಿ ಹುಕ್ಕಾ ನಳಿಗೆಯನ್ನು ಬಾಯಿಂದ ತೆಗೆದು, ಎಲ್ಲರಿಗೂ ಕೇಳುವಂತೆ ಅಂದ:

"ಹಾಡು ಕೇಳ್ಕೊಂಡು ಓಡ್ತಾನಂತೆ ನಮ್ಮ ಉಸ್ತಾ! ಅದೇನ್ ಓಟಾನೋ, ಮದುವೆ ದಿಬ್ಬಣಾನೋ? ಆ ಕಿವೀಲಿರೋದನ್ನ ಕಿತ್ಕೊಂಡ್ರೆ ಇಲ್ಲಿಂದ ಮಂಶೀಯಾ ಚೌಕಕ್ಕೂ ಹೋಗಲ್ಲ ಆಸಾಮಿ."

ದುರದೃಷ್ಟ ನೋಡಿ, ಆವತ್ತೊಂದು ದಿನ ಹೆಡ್‌ಫೋನ್ ಚಾರ್ಜಿಗೆ ಇಟ್ಟಿದ್ದರಿಂದ ಅವನಿಗೆ ಇದು ಕೇಳಿಸಿತು.

"ನೀನು ಮೀನು ಹುರಿ ಬಸ್ಯೂನಿ, ನಿಂಗ್ಯಾಕೆ ಓಟದ ಸುದ್ದಿ?"

"ಎಷ್ಟು ಹೊತ್ತಲ್ಲಿ ಮುಟ್ತೀಯಾ ಹೇಳು ಮತ್ತೆ. ಸಾಯಂಕಾಲದ ಅಸರ್ ನಮಾಜಿಗಾದ್ರೂ ಬರ್ತೀಯಾ?"

ಮಿತ್ವಲ್ಲಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಾಡು ಎರಡು ಸಲ ಮುಗಿದರೆ ಎರಡು ಗಂಟೆ ಇಪ್ಪತ್ತು ನಿಮಿಷ. ಮೊದಲನೇ ಸಲ ಸ್ಟ್ಯಾನ್ಲಿ ಸೇತುವೆಗೆ ಮುಗಿಯುತ್ತದೆ, ಎರಡನೇ ಸಲ ಕೋಟೆಯ ಬಾಗಿಲಿಗೆ. ವರ್ಷದಿಂದ ಹಾಗೇ ಆಗುತ್ತಿದೆ, ಒಂದು ಹೆಜ್ಜೆ ಹೆಚ್ಚುಕಡಿಮೆ ಇಲ್ಲ.

"ಎರಡೂವರೆ ಗಂಟೆ ಒಳಗೆ ಖೈತ್‌ಬಾಯ್ ಮುಟ್ಟಲಿಲ್ಲಾ ಅಂದ್ರೆ," ಎಂದು ಎದ್ದು ನಿಂತ, "ಈ ಮೀಸೆ ಬೋಳಿಸ್ತೀನಿ!"

ಡಾಮಿನೋ ಆಡುತ್ತಿದ್ದವರ ಕೈ ನಿಂತಿತು. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಕ್ಷೌರಿಕ ಖಮೀಸ್ ಲೋಟ ಕೆಳಗಿಟ್ಟು, ಆ ಮೀಸೆಯನ್ನು ಕಸುಬಿನವನ ಕಣ್ಣಿನಿಂದ ಒಮ್ಮೆ ಅಳೆದು ನೋಡಿದ.

ಸುದ್ದಿ ಮನೆಗೆ ಅವನಿಗಿಂತ ಮುಂಚೆ ತಲುಪಿತ್ತು. ಇನ್ಶಿರಾಹ್ ಬಾಗಿಲಲ್ಲೇ ಹಿಡಿದುಕೊಂಡಳು. "ಗುರುವಾರ ಆ ಹಾಜ್ ಗಾದುಲ್ಲಾನ ಮುಂದೆ ಬೋಳು ಮೂತಿ ಇಟ್ಕೊಂಡು ಕೂರ್ತೀಯಾ? ಸಂಬಂಧ ಮುರಿದ್ರೆ ಮಗಳಿಗೆ ಏನಂತ ಹೇಳ್ತೀಯಾ? ನಿನ್ನ ನಾಲಿಗೆಗೆ ಬೆಂಕಿ ಬೀಳ!" ಅವನು ಮೊದಲ ಎರಡು ವಾಕ್ಯ ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ ಚಾರ್ಜಾದ ಹೆಡ್‌ಫೋನನ್ನು ಏರಿಸಿಕೊಂಡ. ಉಳಿದದ್ದನ್ನು ಅಕ್ಕಪಕ್ಕದ ಮನೆಯವರು ಕೇಳಿಸಿಕೊಂಡರು.

ಬುಧವಾರ ಅವನ ಹಳೆಯ ಫೋನು ಕೆಟ್ಟಿತು. ರೀಹಾಮ್ ಒಳ್ಳೆಯ ಹುಡುಗಿ, ಸಂಜೆಯೊಳಗೆ ಹೊಸ ಫೋನು ತಂದು, ಹಾಡನ್ನೂ ಹುಡುಕಿ ಅದರೊಳಗೆ ಹಾಕಿಟ್ಟಳು.

"ಮನ್ಸೂರಾದ್ದೇ ತಾನೆ ಮಗಳೇ?"

"ಹೂಂ ಬಾಬಾ, ಸಿತ್ ವದೀದಾದ್ದೇ."

ಅವಳ ಎರಡೂ ಕಿವಿಯಲ್ಲಿ ಅವರೆಕಾಳಿನಂಥ ಬಿಳಿ ಇಯರ್‌ಫೋನುಗಳು ಇದ್ದವು. ಆ ಕಡೆಯಿಂದ ರಶೀದ್ ಊರಿನ ಹುಡುಗ ಉಂಗುರದ ಅಳತೆ ಕೇಳುತ್ತಿದ್ದ. ಅಪ್ಪ ಕೇಳಿದ ಊರಿನ ಹೆಸರು ಅವಳಿಗೆ ಕೇಳಿಸಿಯೇ ಇರಲಿಲ್ಲ. ಅವಳ ತಲೆಮಾರಿಗೆ ಅದೇ ಹಾಡು, ಅದೇ ಹಾಡುಗಾರ್ತಿ ಅಂದರೆ ಮುಗಿಯಿತು. ಯಾವ ಊರಿನ ಕಛೇರಿ ಅನ್ನುವುದೂ ಒಂದು ಪ್ರಶ್ನೆಯೇ? ಮಿತ್ವಲ್ಲಿಯೂ ಹಾಕಿ ನೋಡಲಿಲ್ಲ. ಓಟದ ದಿನ ಹಾಡು ತಾಜಾ ಇರಲಿ ಎಂದು ಎರಡು ದಿನ ಕಿವಿಗೆ ಉಪವಾಸ ಹಾಕಿದ್ದ. ಆ ಎರಡು ದಿನವೂ ಖಾಲಿ ಹೆಡ್‌ಫೋನನ್ನು ಮಾತ್ರ ಹಾಕಿಕೊಂಡೇ ಓಡಾಡಿದ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮಅಮೂರಾದಲ್ಲಿ ಎಂಟುನೂರು ಜನ ಸೇರಿದ್ದರು. ವ್ಯವಸ್ಥಾಪಕ ಒಬ್ಬ ಮೇಜಿನ ಮೇಲೆ ಹತ್ತಿ ಮೈಕಿನಲ್ಲಿ ಕಿರುಚುತ್ತಿದ್ದ: "ಹೆಡ್‌ಫೋನ್ ಹಾಕ್ಕೊಂಡು ಓಡೋದು ಈ ವರ್ಷದಿಂದ ನಿಷಿದ್ಧ! ಹಿಂದೆ ಗಾಡಿ ಬಂದ್ರೆ ಕೇಳಿಸಲ್ಲ! ಹಾಕ್ಕೊಂಡೋರನ್ನ ಓಟದಿಂದ ತೆಗೀತೀವಿ!" ಎಂಟುನೂರು ಜನರೂ ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಅವನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಪಾಪ, ತಮಗೆ ಶುಭ ಹಾರೈಸುತ್ತಿದ್ದಾನೆಂದು ತಿಳಿದು ಹಲವರು ಅವನಿಗೆ ಕೈ ಬೀಸಿದರು. ಅವನೂ ಸೋತು ಕೈ ಬೀಸಿ, ಪೀಪಿ ಊದಿದ. ಅದೂ ಕೇಳಿಸಲಿಲ್ಲ. ಮುಂದಿನವರು ಓಡಿದ್ದನ್ನು ನೋಡಿ ಹಿಂದಿನವರು ಓಡಿದರು.

ಆಹಾ, ಎಂಥ ಮೆರವಣಿಗೆ ಅದು! ಒಬ್ಬ ಎಂಜಿನಿಯರು ಮೂವತ್ತು ದಿನದಲ್ಲಿ ಶ್ರೀಮಂತನಾಗುವುದು ಹೇಗೆಂಬ ಭಾಷಣ ಕೇಳುತ್ತ ಓಡುತ್ತಿದ್ದ. ಬ್ಯಾಂಕಿನ ಹೆಂಗಸೊಬ್ಬಳು ಜರ್ಮನ್ ಪಾಠ ಕೇಳುತ್ತ, ದಾರಿಯ ಬೆಕ್ಕುಗಳಿಗೆಲ್ಲ ಜರ್ಮನ್‌ನಲ್ಲಿ ಶುಭೋದಯ ಹೇಳುತ್ತಿದ್ದಳು. ಇನ್ನೊಬ್ಬ ನರಕದ ಬಗ್ಗೆ ಪ್ರವಚನ ಕೇಳುತ್ತಿದ್ದನೆಂದು ಕಾಣುತ್ತದೆ, ಎಲ್ಲರಿಗಿಂತ ಜೋರಾಗಿ ಓಡಿದ. ಒಬ್ಬರ ಹೆಜ್ಜೆ ಇನ್ನೊಬ್ಬರ ಹೆಜ್ಜೆಗೆ ಕೂಡುತ್ತಿರಲಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ಬೇಕಿರಲಿಲ್ಲ. ಬಲಗಡೆಯ ಸಮುದ್ರವನ್ನು ಎಡಗಡೆ ಇದೆ ಎಂದು ಹೇಳಿದರೂ ನಂಬುವಂಥ ಜನ.

ಮಿತ್ವಲ್ಲಿ ಗುಂಡಿ ಒತ್ತಿದ. ಪಿಟೀಲಿನವರು ಶ್ರುತಿ ಸೇರಿಸಿದರು. ಕೆಮ್ಮಿಗಾಗಿ ಕಾದ. ಕೆಮ್ಮು ಬರಲಿಲ್ಲ.

ಇದು ಮನ್ಸೂರಾ ಅಲ್ಲ! ಇನ್ನೊಂದು ನಿಮಿಷದಲ್ಲಿ ನಿರೂಪಕನ ದನಿ "ದಮನ್‌ಹೂರ್ ನಗರದಿಂದ" ಅಂದಿತು. ದಮನ್‌ಹೂರ್! ಸಿತ್ ವದೀದಾ ಬದುಕಿನಲ್ಲೇ ಅತಿ ಚೆನ್ನಾಗಿ ಹಾಡಿದ್ದು ಅಲ್ಲಿ, ಆದರೆ ಅದರ ಧ್ವನಿಮುದ್ರಣ ಉಳಿದಿಲ್ಲ ಎಂದು ಕಾಫಿ ಅಂಗಡಿಯ ಹಿರಿಯರೆಲ್ಲ ನಿಟ್ಟುಸಿರು ಬಿಡುತ್ತಿದ್ದ ಕಛೇರಿ. ಯಾವ ಪುಣ್ಯಾತ್ಮನೋ ಪೆಟ್ಟಿಗೆಯ ತಳದಿಂದ ತೆಗೆದು ಲೋಕಕ್ಕೆ ಬಿಟ್ಟಿದ್ದ, ಇವನ ಮಗಳು ಅದನ್ನು ಕಡಲೆಕಾಯಿ ಆರಿಸಿದಂತೆ ಆರಿಸಿಕೊಂಡು ಬಂದಿದ್ದಳು.

ತೆಗೆದುಬಿಡು, ಸುಮ್ಮನೆ ಓಡು ಎಂದು ಬುದ್ಧಿ ಹೇಳಿತು. ಮೀಸೆ, ಗುರುವಾರ, ಹಾಜ್ ಗಾದುಲ್ಲಾ ಎಲ್ಲ ಕಣ್ಣ ಮುಂದೆ ಬಂದರು. ಆದರೆ ಕೈ ಮೇಲೇಳಲಿಲ್ಲ. ಮನ್ಸೂರಾದಲ್ಲಿ ಮಂದರಾ ಬೀಚು ಬರುವಷ್ಟರಲ್ಲಿ ಮುಗಿಯುತ್ತಿದ್ದ ವಾದ್ಯಗಳ ಪೀಠಿಕೆ ಇಲ್ಲಿ ಮಿಯಾಮಿ ದಾಟಿದರೂ ಮುಗಿಯಲಿಲ್ಲ. ಕಾಲಿಗೆ ಹಾಡಿನ ಲೆಕ್ಕವೇ ಅಭ್ಯಾಸ, ಪೀಠಿಕೆ ಮುಗಿಯುವವರೆಗೆ ನಿಧಾನ ಅಂದರೆ ನಿಧಾನ. ಹಿಂದಿದ್ದವರೆಲ್ಲ ಅವನನ್ನು ದಾಟಿ ಹೋದರು. ಜರ್ಮನ್ ಹೆಂಗಸೂ ಏನೋ ಹೇಳಿ ದಾಟಿ ಹೋದಳು.

ಸ್ಟ್ಯಾನ್ಲಿ ಸೇತುವೆಯ ನಡುವೆ ಅವಳು ಆ ಸಾಲಿಗೆ ಬಂದಳು. 'ಬಾಗಿಲು ಹಾಕಿಲ್ಲ, ನೀನು ತಟ್ಟಬೇಕಾಗಿಲ್ಲ.' ಜನ ಹುಚ್ಚೆದ್ದು ಕೂಗಿದರು. ಅವಳು ಮತ್ತೆ ಹಾಡಿದಳು, ಈ ಸಲ 'ಬಾಗಿಲು' ಎಂಬಲ್ಲಿ ದನಿಯನ್ನು ಸ್ವಲ್ಪ ತಡೆದಳು. ಮೂರನೇ ಸಲ 'ತಟ್ಟಬೇಕಾಗಿಲ್ಲ' ಎಂಬುದನ್ನು ಪಿಸುಮಾತಿಗೆ ಇಳಿಸಿದಳು. ಇಂಥ ಜಾಗದಲ್ಲಿ ಎದ್ದು ಹೋಗುವವನು ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿಲ್ಲ. ಹಾಡುಗಾರ್ತಿ ಸಂಗತಿ ಹಾಕುತ್ತಿರುವಾಗ ಬೆನ್ನು ತಿರುಗಿಸುವುದುಂಟೇ? ಮಿತ್ವಲ್ಲಿಯ ಕಾಲು ತಾನಾಗಿ ನಿಂತಿತು. ಕಟಾಂಜನ ಹಿಡಿದ, ಕಣ್ಣು ಮುಚ್ಚಿದ, ಸಮುದ್ರದ ಕಡೆ ಕೈ ಚಾಚಿ ಗಂಟಲು ಹರಿಯುವಂತೆ ಕೂಗಿದ:

"ಅಲ್ಲಾಹ್! ವನ್ಸ್‌ಮೋರ್ ತಾಯೀ! ನಿನ್ನ ಪಾದಕ್ಕೆ ಬೀಳ್ತೀನಿ, ವನ್ಸ್‌ಮೋರ್!"

ನೀರು ಕೊಡಲು ನಿಂತಿದ್ದ ನರ್ಸು ಹುಡುಗಿ ಓಡಿ ಬಂದಳು. "ಯಜಮಾನ್ರೇ, ಏನಾಗ್ತಿದೆ? ಎದೆ ನೋವಾ?"

ಅವನಿಗೆ ಅವಳ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಹಾಡು ಎಲ್ಲಿ ನಾಟಿತು ಎಂದು ಕೇಳುತ್ತಿದ್ದಾಳೆ ಅಂದುಕೊಂಡು ಎದೆ ಮುಟ್ಟಿ ತೋರಿಸಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ತಗೋ, ಸ್ಟ್ರೆಚರ್ ಬಂತು. ಇಬ್ಬರು ಸೇರಿ ಮಲಗಿಸಿ, ಬೂಟು ಬಿಚ್ಚಿ, ತಲೆಗೆ ನೀರು ಸುರಿದರು. ಅವನು ಮಲಗಿದಲ್ಲಿಂದಲೇ ಕೈ ಎತ್ತಿ "ವನ್ಸ್‌ಮೋರ್" ಅನ್ನುತ್ತಿದ್ದ. ಅವರು ಇನ್ನೊಂದು ಬಾಟಲಿ ಸುರಿದರು. ದಮನ್‌ಹೂರ್‌ನಲ್ಲಿ ಜನ ಹನ್ನೊಂದು ಸಲ ಕೂಗಿದ್ದರು, ಹನ್ನೊಂದು ಸಲವೂ ಅವಳು ಹಾಡಿದಳು, ಒಂದರಂತೆ ಇನ್ನೊಂದಿಲ್ಲ. ಹನ್ನೊಂದನೆಯದು ಮುಗಿದು ಮುಂದಿನ ಚರಣಕ್ಕೆ ಹೋದಾಗ ಮಿತ್ವಲ್ಲಿ ಕಣ್ಣು ಬಿಟ್ಟು, ಎದ್ದು ಕೂತು, ತನ್ನ ಬೂಟನ್ನು ತಾನೇ ಹಾಕಿಕೊಂಡು ಓಡಿ ಹೋದ. ನರ್ಸು ಹುಡುಗಿ ಆ ಓಟವನ್ನು ಏನೆಂದು ಬರೆಯಬೇಕೆಂದು ತಿಳಿಯದೆ ಚೀಟಿ ಹಿಡಿದು ನಿಂತಳು.

ಕೋಟೆಯ ಮುಂದೆ ಬಸ್ಯೂನಿ ಪೂರ್ತಿ ಸಿದ್ಧತೆ ಮಾಡಿಕೊಂಡಿದ್ದ. ಮೀನು ಸಾಗಿಸುವ ತನ್ನ ಮೂರು ಚಕ್ರದ ಗಾಡಿಯಲ್ಲಿ ಕ್ಷೌರದ ಕುರ್ಚಿಯನ್ನೂ, ಖಮೀಸನನ್ನೂ, ಕಾಫಿ ಅಂಗಡಿಯ ಐದಾರು ಜನರನ್ನೂ ಹೇರಿಕೊಂಡು ಬಂದಿದ್ದ. ಇನ್ಶಿರಾಹ್ ಮತ್ತು ರೀಹಾಮ್ ಸ್ವಲ್ಪ ದೂರದಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಎರಡೂವರೆ ಗಂಟೆ ಆಯಿತು. ಎರಡು ಮುಕ್ಕಾಲು ಆಯಿತು. ಅದಾಗಿ ಆರು ನಿಮಿಷಕ್ಕೆ ತೊಪ್ಪೆಯಾಗಿ ನೆನೆದ ಮಿತ್ವಲ್ಲಿ ಬಂದು ಗೆರೆ ಮುಟ್ಟಿದ. ಮೊಟ್ಟಮೊದಲು ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಾಫಿ ಅಂಗಡಿಯವರು ಅವನ ಕಿವಿಗಳನ್ನು ನೋಡಿದ್ದು ಆಣೆ ಇಟ್ಟ ದಿನ ಬಿಟ್ಟರೆ ಆವತ್ತೇ.

ಬಸ್ಯೂನಿ ಕೆಟ್ಟವನಲ್ಲ. ರೀಹಾಮ್ ಅಳುತ್ತಿದ್ದುದನ್ನು ನೋಡಿ ಅವನ ಕರುಳು ಕರಗಿತ್ತು. ಹತ್ತಿರ ಬಂದು ಮೆಲ್ಲಗೆ ಅಂದ: "ಉಸ್ತಾ, ಕಾಲು ಉಳುಕ್ತು ಅನ್ನು. ಉಳುಕಿದ್ರೆ ಆಣೆ ನಿಲ್ಲಲ್ಲ, ಎಲ್ಲರೂ ಒಪ್ಕೊತಾರೆ."

"ಕಾಲು ನೆಟ್ಟಗಿದೆ."

"ಮಾರಾಯಾ, ಸುಳ್ಳು ಹೇಳೋಕೂ ಬರಲ್ವಾ ನಿಂಗೆ? ಮತ್ಯಾಕೆ ತಡ ಆಯ್ತು?"

"ಅವಳು ಹಾಡ್ತಿದ್ಲು. ನಡುವೆ ಎದ್ದು ಬರೋಕಾಗುತ್ತಾ?" ಎಂದು ಮಿತ್ವಲ್ಲಿ ತಾನೇ ಹೋಗಿ ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿದ. ಖಮೀಸ್ ಬಟ್ಟೆ ಕಟ್ಟಿ, ನೊರೆ ಕಲಸಿ, ಮೂಗಿನ ಕೆಳಗೆ ದಪ್ಪಗೆ ಹಚ್ಚಿದ.

"ಯಾವ ಊರಿಂದು?" ಬಸ್ಯೂನಿ ಸುಮ್ಮನೆ ಕೇಳಿದ.

"ದಮನ್‌ಹೂರ್."

"ಸುಳ್ಳು! ನಮ್ಮಪ್ಪ ಆವತ್ತು ಅಲ್ಲಿದ್ದ. ಸಾಯೋವರೆಗೂ ಅದನ್ನೇ ಹೇಳ್ತಿದ್ದ. ಅದು ಉಳಿದೇ ಇಲ್ವಲ್ಲಯ್ಯಾ!"

ಮಿತ್ವಲ್ಲಿ ಹೆಡ್‌ಫೋನ್ ಚಾಚಿದ. ಬಸ್ಯೂನಿ ಹಾಕಿಕೊಂಡ. ಆಮೇಲೆ ಆ ಭಾರೀ ಮೈಯವನು ಮೀನಿನ ಗಾಡಿಗೆ ಒರಗಿಕೊಂಡು ಮಗುವಿನಂತೆ ಅತ್ತ. ತೆಗೆದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಖಮೀಸ್ ಕೈ ಹಾಕಿದ. "ನಂಗೂ ಒಂದ್ನಿಮಿಷ ಕೊಡ್ರೋ, ಕೆಲಸ ಮಾಡ್ತಾ ಮಾಡ್ತಾ ಕೇಳ್ತೀನಿ," ಎಂದು ತನ್ನ ಕಿವಿಗೆ ಏರಿಸಿಕೊಂಡು ಕತ್ತಿ ಬಿಚ್ಚಿದ.

ಬಸ್ಯೂನಿ ಮೂಗು ಸೀಟಿ, ಎಲ್ಲರಿಗೂ ಕೇಳುವಂತೆ ಘೋಷಿಸಿದ: "ಆಣೆ ವಾಪಸ್! ಇದನ್ನ ಕೇಳಿ ನಿಂತವನ ಮೀಸೆ ತೆಗೆಸಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ನನ್ನ ಹೊಡೀತಾನೆ. ಮಾಫ್ ಉಸ್ತಾ! ಏಳು!"

ಜನ ಚಪ್ಪಾಳೆ ತಟ್ಟಿದರು. ಇನ್ಶಿರಾಹ್ ಆಕಾಶಕ್ಕೆ ಕೈ ಎತ್ತಿದಳು. ಖಮೀಸ್ ಕಣ್ಣು ಅರೆಮುಚ್ಚಿ, ಎಡಗೈ ಹೆಬ್ಬೆರಳಿನಿಂದ ಮಿತ್ವಲ್ಲಿಯ ತುಟಿ ಒತ್ತಿ ಹಿಡಿದು, ಬಲಗೈಯಿಂದ ಒಂದೇ ಎಳೆತಕ್ಕೆ ಅರ್ಧ ಮೀಸೆ ತೆಗೆದ.

"ಖಮೀಸ್! ನಿಲ್ಸೋ!" ಬಸ್ಯೂನಿ ಕಿರುಚಿದ. "ಲೋ ಕಿವುಡಾ!" ಎಂದು ಇನ್ಶಿರಾಹ್ ಕೋಟೆಯ ಗೋಡೆ ನಡುಗುವಂತೆ ಕೂಗಿದಳು. ಕತ್ತಿ ಮುಖದ ಮೇಲಿರುವಾಗ ಯಾರು ತಾನೇ ಕೈ ಹಿಡಿದು ಎಳೆದಾರು? ಬಾಯಿ ತುಂಬ ನೊರೆ ಇದ್ದ ಮಿತ್ವಲ್ಲಿ "ಮ್ಮ್ಮ್! ಮ್ಮ್ಮ್!" ಎಂದು ಗಂಟಲೊಳಗೇ ಒದ್ದಾಡಿದ. ಖಮೀಸ್ ಅದನ್ನು ನೋಡಿ, ಹೌದು, ನಿಜ, ಎಂಥ ಸಂಗತಿ ಎಂಬಂತೆ ತಲೆದೂಗಿ, ಉಳಿದರ್ಧವನ್ನೂ ತೆಗೆದ. ಆಮೇಲೆ ಹೆಡ್‌ಫೋನ್ ಇಳಿಸಿ ಸುತ್ತ ನೋಡಿದ.

"ಏನ್ ಗಂಟಲಯ್ಯಾ ಆ ತಾಯಿದು! ... ಯಾಕ್ರೋ ಎಲ್ಲ ಹಿಂಗ್ ನೋಡ್ತಿದೀರಾ?"

ಅವನಿಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಹಾಜ್ ಗಾದುಲ್ಲಾನ ವಿಷಯವನ್ನು ಬಸ್ಯೂನಿಯೇ ಹೊತ್ತುಕೊಂಡ. "ಮಾತು ಉಳಿಸ್ಕೊಳ್ಳೋಕೆ ಮೀಸೆ ಕೊಟ್ಟ ಗಂಡಸು ಅಂತ ನಾನೇ ಹೋಗಿ ಹೇಳ್ತೀನಿ. ಇದಕ್ಕಿಂತ ಒಳ್ಳೆ ಬೀಗ ಬೇಕಾ ಅವನಿಗೆ?" ಎಂದು ರೀಹಾಮ್‌ಗೆ ಆಣೆ ಇಟ್ಟು ಹೇಳಿ, ಕುರ್ಚಿಯನ್ನು ಗಾಡಿಗೆ ಹೇರಿದ.

ಗಂಡ ಹೆಂಡತಿ ಸಮುದ್ರದ ಕಟ್ಟೆಯ ಮೇಲೆ ಕೂತರು. ಬೋಳು ತುಟಿಗೆ ಉಪ್ಪುಗಾಳಿ ತಾಗಿ ಉರಿಯುತ್ತಿತ್ತು. ಇನ್ಶಿರಾಹ್ ಅವನನ್ನು ನೋಡಿ ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಕೂಗಿದ್ರೂ ಕೇಳಿಸಲ್ಲ ಅಂದ್ರೆ ಹೆಂಗಿರುತ್ತೆ, ಗೊತ್ತಾಯ್ತಾ?" ಅಂದಳು.

"ಗೊತ್ತಾಯ್ತು," ಎಂದ ಮಿತ್ವಲ್ಲಿ. ನಿಜವಾಗಿಯೂ ಅವನಿಗೆ ನಾಚಿಕೆಯಾಗಿತ್ತು. "ಈ ಮೂರು ವರ್ಷ ಏನೇನ್ ಹೇಳ್ತಿದ್ದೆ ನೀನು? ಈಗ ಹೇಳು, ಎಲ್ಲ ಕೇಳ್ತೀನಿ."

"ಏನ್ ಮಹಾ! ನಲ್ಲಿ ಸೋರ್ತಿದೆ ಅಂತ. ನಿಮ್ಮಕ್ಕ ಬರ್ತಾಳಂತೆ ಅಂತ. ಉಪ್ಪು ಸಾಕಾ ಅಂತ." ಅವಳು ಚಪ್ಪಲಿ ಬಿಟ್ಟು ಕಾಲು ಇಳಿಬಿಟ್ಟಳು. "ಶುರುವಲ್ಲಿ, ನೀನು ಅದನ್ನ ಕಿವಿಗೆ ಹಾಕ್ಕೊಂಡು ಓಡೋಕೆ ಹೊರಟ ವಾರ, ದಿನಾ ಒಂದೇ ಕೇಳ್ತಿದ್ದೆ. ಬಾಗಿಲ ಹತ್ರ ನಿಂತ್ಕೊಂಡು."

"ಏನು?"

"ನಾನೂ ಬರ್ಲಾ ನಿನ್ನ ಜೊತೆ ಅಂತ. ಏಳು ದಿನ ಕೇಳ್ದೆ. ಎಂಟನೇ ದಿನ ಬಿಟ್ಟೆ."

ಮಿತ್ವಲ್ಲಿ ಹೆಡ್‌ಫೋನನ್ನು ಕಟ್ಟೆಯ ಆಚೆ ಬದಿಗೆ ಸರಿಸಿಟ್ಟು, ಅವಳ ಹತ್ತಿರಕ್ಕೆ ಸರಿದು ಕೂತ.